ಜಗಲಿಯ ಮೇಲಿನ ವೇರಿಯಬಲ್

ಸುಮ್ಮನೆ ಕೂತವರನ್ನು ಕಂಡರೆ ಕೆಲಸ ಮಾಡುವವರಿಗಿಂತ ಮಾಡಿಸುವವರಿಗೇ ಹೊಟ್ಟೆಯುರಿ ಹೆಚ್ಚು. ಈ ಉರಿಯನ್ನು ನಾನು ಎರಡು ಕಡೆ ಅನುಭವಿಸಿದವನು: ಮುಳಬಾಗಿಲಿನ ಮನೆಯಲ್ಲಿ ಹೆಂಡತಿ ಶಾರದೆಯಿಂದ, ಮಾಲೂರಿನ ಕಾರ್ಖಾನೆಯಲ್ಲಿ ಕಂಪೈಲರಿನಿಂದ. ಎಂಬತ್ತರ ದಶಕದ ಕೊನೆಯಲ್ಲಿ ಅಲ್ಲಿ ನಾನೂ ಸಹೋದ್ಯೋಗಿ ರೆಡ್ಡಿಯೂ ಎರಡು ಕಂಪ್ಯೂಟರುಗಳು ತಂತಿಯ ಮೇಲೆ ಮಾತಾಡಿಕೊಳ್ಳುವಂತೆ ಆಪರೇಟಿಂಗ್ ಸಿಸ್ಟಮ್ಮಿಗೆ ಪ್ರೋಗ್ರಾಮು ಬರೆಯುತ್ತಿದ್ದೆವು. ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಮಹಾ ಜಗಳಗಂಟಿ. ನಾವು ಹೆಸರಿಟ್ಟು, ಜಾಗ ಕೊಟ್ಟು, ಆಮೇಲೆ ಮರೆತ ವೇರಿಯಬಲ್‌ಗಳನ್ನೆಲ್ಲ, ಅಂದರೆ ಲೆಕ್ಕ ತುಂಬಿಡುವ ಡಬ್ಬಿಗಳನ್ನೆಲ್ಲ, ಹುಡುಕಿ, 'ಇಟ್ಟಿದ್ದೀಯ, ಬಳಸಿಲ್ಲ' ಎಂದು ಪರದೆ ತುಂಬ ಎಚ್ಚರಿಕೆ ಕಾರುತ್ತಿತ್ತು. ಮನೆಗೆ ಬಂದರೆ ಶಾರದೆಯದೂ ಅದೇ ಎಚ್ಚರಿಕೆ, ಜಗಲಿಯ ಮೇಲೆ ದಿನವಿಡೀ ಕೂರುತ್ತಿದ್ದ ನನ್ನ ಚಿಕ್ಕಪ್ಪನ ಬಗ್ಗೆ. "ಒಂದು ಹುಲ್ಲುಕಡ್ಡಿ ಎತ್ತಿಡಲ್ಲ ಕಣ್ರೀ. ಬಂದೋರನ್ನ ಹಿಡ್ಕೊಂಡು ತೆಲುಗಲ್ಲಿ 'ಕೂರ್ಚೋಂಡಿ ಸ್ವಾಮಿ' ಅಂತ ಕೂರಿಸ್ಕೊಂಡು, 'ಯಾವೂರು, ಯಾರ ಕಡೆಯೋರು' ಅಂತ ಕೊರೆಯೋದೊಂದೇ!"

ಬೆಂಗಳೂರಿನಿಂದ ಗಿರಾಕಿಗಳು ಬರುವವರಿದ್ದರು. ಅವತ್ತು ಯಂತ್ರಗಳು ಮಾತಾಡಿದರೆ ನನ್ನ ನೌಕರಿ ಕಾಯಂ, ಇಲ್ಲವಾದರೆ ಊರಿನಲ್ಲಿ ಅಪ್ಪನ ಪಂಚಾಂಗವೇ ಗತಿ. ಮ್ಯಾನೇಜರು ಪರದೆ ನೋಡಿ ಕಿಡಿಕಿಡಿಯಾದರು. "ಏನ್ರೀ ಇದು, ಬಂದೋರು ಏನಂದ್ಕೊಳ್ತಾರೆ? ಒಂದು ಎಚ್ಚರಿಕೇನೂ ಇರಕೂಡ್ದು!" ನಾನು ಕೆಲಸವಿಲ್ಲದ ವೇರಿಯಬಲ್‌ಗಳನ್ನೆಲ್ಲ ಕಿತ್ತೆಸೆದೆ. ಅದೇ ಉಮೇದಿನಲ್ಲಿ ಚಿಕ್ಕಪ್ಪನನ್ನೂ ನಂಗಲಿಯ ಅವರ ಮಗಳ ಮನೆಗೆ ಬಸ್ಸು ಹತ್ತಿಸಿದೆ. ಪರದೆಯೂ ಜಗಲಿಯೂ ಗುಡಿಸಿ ಸಾರಿಸಿದಂತಾದವು.

ಮರುದಿನವೇ ಚಂದಾದವರು, ಜಾತಕದವರು, ಬೆಣ್ಣೆಯವಳು ಎಲ್ಲರೂ ತಡೆಯಿಲ್ಲದೆ ಅಡುಗೆಮನೆಗೇ ನುಗ್ಗಿದರು. ಸಾರು ಸೀದುಹೋಯಿತು. "ಚಿಕ್ಕಮಾವ ಇದ್ದಿದ್ರೆ ಅರ್ಧ ಜನ ಅಲ್ಲೇ ಸುಸ್ತಾಗಿ ವಾಪಸ್ ಹೋಗ್ತಿದ್ರು" ಎಂದು ಶಾರದೆ ನನ್ನ ಮೇಲೇ ರೇಗಿದಳು. ಅವರನ್ನು ಕಳಿಸುವಂತೆ ಕಾಡಿದವಳು ಯಾರು ಎಂದು ಕೇಳುವ ಧೈರ್ಯ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಕಾರ್ಖಾನೆಗೆ ಗಿರಾಕಿಗಳು ಬಂದರು. ಯಂತ್ರಗಳು ಎರಡು ಮಾತಾಡಿ ಕಲ್ಲಾದವು. ರೆಡ್ಡಿ ಕಿವಿಯಲ್ಲಿ ಹೇಳಿದ: "ಲೇ, ನೀನು ಕಿತ್ತಿದ್ದನ್ನೆಲ್ಲ ವಾಪಸ್ ಇಟ್ಟು ನೋಡ್ತೀನಿ. ಇವರನ್ನ ಆಚೆ ಹಿಡ್ಕೋ." ಹಿಡಿಯುವುದು ಹೇಗೆ? ಬಾಯಿ ತಾನಾಗಿ ತೆರೆದುಕೊಂಡಿತು: "ಕೂರ್ಚೋಂಡಿ ಸ್ವಾಮಿ. ಯಾವೂರು? ಯಾರ ಕಡೆಯೋರು?" ಅವರಲ್ಲೊಬ್ಬರು ಶ್ರೀನಿವಾಸಪುರದ ಅಳಿಯ. ಆ ಊರಿನ ಮಾವಿನಹಣ್ಣಿನಿಂದ ಶುರುವಾಗಿ ಅವರ ಮಾವನ ಮಂಡಿನೋವಿಗೆ ಬರುವಷ್ಟರಲ್ಲಿ ಒಳಗೆ ಯಂತ್ರಗಳು ಮತ್ತೆ ಮಾತಾಡಿದವು. ಆರ್ಡರು ಸಿಕ್ಕಿತು.

ಆಮೇಲೆ ರೆಡ್ಡಿ ಬಿಡಿಸಿ ಹೇಳಿದ. "ತಂತಿ ಮೇಲೆ ಬರೋ ಸುದ್ದಿಗೆ ನೀನು ಕೊಟ್ಟಿರೋ ಜಾಗ ಸಾಲದು ಕಣೋ. ಹೆಚ್ಚಾಗಿದ್ದು ಪಕ್ಕಕ್ಕೆ ಚೆಲ್ತಿತ್ತು. ಪಕ್ಕದಲ್ಲಿದ್ದ ಸೋಮಾರಿ ವೇರಿಯಬಲ್ ಅದನ್ನ ಮೈಮೇಲೆ ಹಾಕ್ಕೊಳ್ತಿತ್ತು. ಅದನ್ನ ನೀನು ಕಿತ್ತೆ, ಒಳಗಿನ ಲೆಕ್ಕವೇ ಹಾಳಾಯ್ತು."

ಭಾನುವಾರ ನಂಗಲಿಗೆ ಹೋಗಿ ಚಿಕ್ಕಪ್ಪನನ್ನು ಕರೆತಂದೆ. "ಏನೋ, ಈಗ ನಾನೇನು ಮಾಡ್ಬೇಕು?" ಎಂದರು. "ಏನೂ ಬೇಡ, ಜಗಲಿ ಮೇಲೆ ಕೂತ್ಕೊಳ್ಳಿ ಸಾಕು" ಎಂದೆ.

ಸೋಮವಾರ ನನ್ನ ನೌಕರಿ ಕಾಯಮಾಯಿತು. ಮ್ಯಾನೇಜರು ಬೆನ್ನು ತಟ್ಟಿದರು. "ಪ್ರೋಗ್ರಾಮು ರೆಡ್ಡಿ ನೋಡ್ಕೊಳ್ತಾರೆ, ನೀವು ಮುಟ್ಟೋಕೆ ಹೋಗ್ಬೇಡಿ. ಬಾಗಿಲ ಹತ್ರ ಕುರ್ಚಿ ಹಾಕಿಸಿದ್ದೀನಿ. ಬಂದೋರನ್ನ ಕೂರಿಸ್ಕೊಂಡು ಮಾತಾಡ್ತಾ ಇರಿ."

ಸಂಜೆ ಮನೆಗೆ ಬಂದು ಇದನ್ನು ಹೇಳಿದೆ. ಚಿಕ್ಕಪ್ಪ ಜಗಲಿಯ ಮೇಲೆ ಕೊಂಚ ಸರಿದು ಜಾಗ ಮಾಡಿಕೊಟ್ಟು, "ಕೂರ್ಚೋ ನಾಯನಾ" ಎಂದರು.