ತುಳಿಯಲೆಂದೇ ಹಾಕಿದ ರಂಗೋಲಿ

"ತುಳೀರಿ ಸಾರ್! ಧೈರ್ಯವಾಗಿ ತುಳೀರಿ!" ಎಂದಳು ನನ್ನ ನಾದಿನಿ ಇಂಚರ.

ತೀರ್ಪುಗಾರ ಶ್ರೀಕಂಠಸ್ವಾಮಿ ಬಗ್ಗಿ ನೆಲ ನೋಡಿದರು. ಕುಕ್ಕರ್ ಗಾತ್ರದ ಯಂತ್ರವೊಂದು ನಾಲ್ಕು ಪುಟ್ಟ ಚಕ್ರಗಳ ಮೇಲೆ ನಿಂತು, ತನ್ನ ಸುತ್ತ ಬೆಳಕಿನ ರಂಗೋಲಿ ಬಿಡಿಸಿತ್ತು. ಗೆರೆಯ ಮೇಲೆ ಕಾಲಿಟ್ಟರೆ ಅಲ್ಲೊಂದು ಹೂ ಅರಳಬೇಕು. ಜನ ಓಡಾಡಿದಷ್ಟೂ ತೋಟ ಬೆಳೆಯಬೇಕು.

ಅದು ಮೈಸೂರಿನ ಅವಳ ಕಾಲೇಜಿನಲ್ಲಿ ಡಿಜಿಟಲ್ ವಿನ್ಯಾಸದ ವಿದ್ಯಾರ್ಥಿಗಳ ಪ್ರದರ್ಶನ. ಗೆದ್ದ ಒಬ್ಬರಿಗೆ ಮಾತ್ರ ಶ್ರೀಕಂಠಸ್ವಾಮಿಯವರ ವಿಡಿಯೋ ಗೇಮ್ ಸ್ಟುಡಿಯೋದಲ್ಲಿ ಒಂದು ವರ್ಷದ ತರಬೇತಿ. ಸೋತರೆ ಇಂಚರ ಸೋದರಮಾವನ ಲಗ್ನಪತ್ರಿಕೆ ಅಂಗಡಿ ಸೇರಿ, ಗಣಪತಿಯ ಚಿತ್ರವನ್ನು ಮೂಲೆಯಿಂದ ಮಧ್ಯಕ್ಕೂ ಮಧ್ಯದಿಂದ ಮೂಲೆಗೂ ಸರಿಸುತ್ತಿರಬೇಕೆಂದು ನನ್ನ ಅತ್ತೆ ಆಗಲೇ ತೀರ್ಪು ಕೊಟ್ಟಿದ್ದರು.

ಯಂತ್ರಕ್ಕೆ ಅವಳು ಕಲಿಸಿದ್ದು ನನ್ನ ರಂಗೋಲಿಗಳನ್ನು. ಅವಳ ಅಣ್ಣ ಇದ್ದಾಗ ನಾನು ಬೆಳಗ್ಗೆ ಬಾಗಿಲಿಗೆ ಹಾಕುತ್ತಿದ್ದವು. ಅವರು ಹೋದ ಮೇಲೆ ಹಾಕಿಲ್ಲ. ಮನೆಯಿಂದ ಹೊರಗೆ ಬಂದದ್ದೂ ಕಡಿಮೆ. ಅಂದು ಇಂಚರ ಎಳೆದುಕೊಂಡು ಬಂದಿದ್ದಳು.

"ಚೆನ್ನಾಗಿದೆಯಮ್ಮ," ಎಂದ ಶ್ರೀಕಂಠಸ್ವಾಮಿ ಪ್ಯಾಂಟಿನ ತುದಿ ಎತ್ತಿಕೊಂಡು, ರಂಗೋಲಿಯ ಅಂಚು ಬಳಸಿ ಹುಷಾರಾಗಿ ದಾಟಿಹೋದರು.

ಹಿಂದೆಯೇ ಪ್ರಿನ್ಸಿಪಾಲ್ ವಸುಂಧರಮ್ಮ.

"ಮೇಡಂ, ನೀವಾದ್ರೂ ತುಳೀರಿ!"

"ರಂಗೋಲೀನ? ಏನೇ ಹೇಳ್ತಿದ್ದೀಯ ನೀನು!"

ಅವರೂ ಬಳಸಿ ಹೋದರು. ಆಮೇಲೆ ಬಂದವರೆಲ್ಲ ಅವರ ಹೆಜ್ಜೆಯಲ್ಲೇ ನಡೆದರು. ಕೆಲವರು ಚಪ್ಪಲಿಯನ್ನೂ ಬಿಟ್ಟರು! ಒಂದು ಹೂವೂ ಅರಳಲಿಲ್ಲ.

"ಮನೇಲಿ ಅಷ್ಟು ಚೆನ್ನಾಗಿ ಅರಳ್ತಿತ್ತಲ್ಲ ಅತ್ತಿಗೆ!" ಇಂಚರ ನನ್ನತ್ತ ತಿರುಗಿದಳು.

"ಮನೇಲಿ ತುಳಿದಿದ್ದು ಬೆಕ್ಕು," ಎಂದೆ.

"ಇರಲಿ. ಸಂಕೋಚ ಪಡೋರಿಗೂ ಉಪಾಯ ಇಟ್ಟಿದ್ದೀನಿ. ಯಾರೂ ತುಳೀದಿದ್ರೆ ಯಂತ್ರ ತಾನೇ ಹತ್ರ ಹೋಗಿ ಕರೆಯುತ್ತೆ!"

ಕರೆಯಿತು. ಗುಂಯ್ ಎನ್ನುತ್ತ ಹೊರಟು, ಕಾಫಿ ತಟ್ಟೆ ಹಿಡಿದಿದ್ದ ಅಟೆಂಡರ್ ಪುಟ್ಟಮಾದಯ್ಯನ ಕಾಲ ಬುಡದಲ್ಲಿ ಎಂಟೆಸಳಿನ ಪದ್ಮ ಬರೆಯಿತು. ಆತ ಹಿಂದೆ ಸರಿದ. ಪದ್ಮ ಮುಂದೆ ಬಂತು. ಆತ ಒಂದು ಕಾಲೆತ್ತಿದ. ಇನ್ನೊಂದನ್ನು ಎಲ್ಲಿಡುವುದೆಂದು ತಿಳಿಯದೆ ಹಾಗೇ ನಿಂತ.

"ಇದನ್ನ ಆ ಕಡೆ ಕರ್ಕಳವ್ವ! ಕಾಫಿ ಚೆಲ್ತದೆ!"

ಯಂತ್ರ ಆ ಕಡೆಗೂ ಹೋಯಿತು. ವಸುಂಧರಮ್ಮ ಕುರ್ಚಿ ಹತ್ತಿದರು. ಪಕ್ಕದ ಮಳಿಗೆಯ ಹುಡುಗರು ತಮ್ಮ ಮೇಜು ಹತ್ತಿದರು. ತುಳಿಯುವವರು ಸಿಗದಷ್ಟೂ ಅದಕ್ಕೆ ಉತ್ಸಾಹ ಹೆಚ್ಚಿ, ಸಭಾಂಗಣದ ತುಂಬ ಬಳ್ಳಿ ಎಳೆಯಿತು. ಶ್ರೀಕಂಠಸ್ವಾಮಿ ಮೂಲೆಯಲ್ಲಿ, ಒಂದು ತಟ್ಟೆಯಗಲದ ಜಾಗದಲ್ಲಿ, ಬೆನ್ನನ್ನು ಗೋಡೆಗಂಟಿಸಿ ನಿಂತುಬಿಟ್ಟರು.

"ನಿಲ್ಸಮ್ಮ ಇದನ್ನ!"

"ಸ್ವಿಚ್ಚು ಅದರ ಹೊಟ್ಟೆ ಕೆಳಗಿದೆ ಸಾರ್! ಬರೀ ಬೆಳಕು, ತುಳ್ಕೊಂಡು ಬನ್ನಿ!"

"ಬರೀ ಬೆಳಕಾದ್ರೆ ನೀನೇ ತುಳ್ಕೊಂಡು ಹೋಗಿ ಆರಿಸು!"

ಇಂಚರ ಕಾಲೆತ್ತಿದಳು. ಗೆರೆ ನೋಡಿದಳು. ಕಾಲು ಹಿಂದಕ್ಕಿಟ್ಟಳು.

"ಆಗಲ್ಲ ಅತ್ತಿಗೆ," ಎಂದು ಅಳುವಂತಾದಳು. "ನೀವು ಹಾಕಿದ್ದು. ಮೊದಲೂ ಒಂದು ದಿನಾನೂ ತುಳಿದವಳಲ್ಲ ನಾನು. ಹೋಯ್ತು! ನಾಳೆಯಿಂದ ಲಗ್ನಪತ್ರಿಕೆ!"

ರಂಗೋಲಿ ಹಾಕುವವಳು ಅದರೊಳಗೆ ನಿಂತೇ ಹಾಕುತ್ತಾಳೆ. ನಾನೇ ಹಾಕಿದ್ದನ್ನು ಮಾರನೆಯ ಬೆಳಗ್ಗೆ ನಾನೇ ತೊಳೆಯುತ್ತಿದ್ದೆ. ಇದರಲ್ಲಿ ಭಯಪಡುವಂಥದ್ದು ನನಗೇನೂ ಕಾಣಲಿಲ್ಲ. ಗೆರೆಯ ಮೇಲೆ ಕಾಲಿಟ್ಟೆ.

ದಾಸವಾಳ! ಇನ್ನೊಂದು ಹೆಜ್ಜೆಗೆ ಸಂಪಿಗೆ. ಮತ್ತೊಂದಕ್ಕೆ ಕನಕಾಂಬರದ ಸಾಲು. ಇಷ್ಟು ಹೊತ್ತು ಕಾದಿದ್ದ ಯಂತ್ರಕ್ಕೆ ಹುಚ್ಚು ಹಿಡಿದಂತಾಯಿತು. ಹೂಗಳು ನೆಲದಲ್ಲಿ ಹಿಡಿಸದೆ ಗೋಡೆ ಹತ್ತಿದವು, ಸೂರಿಗೆ ಹರಡಿದವು, ವಸುಂಧರಮ್ಮನ ಬಿಳಿ ಸೀರೆಗೆ ಪುಕ್ಕಟೆ ಅಂಚು ಕೊಟ್ಟವು! ಮೊದಲು ಎತ್ತಿದ ಕಾಲು ಇಳಿಸಿದವನು ಪುಟ್ಟಮಾದಯ್ಯ. ಆಮೇಲೆ ಮೇಜಿನ ಹುಡುಗರು ಧುಮುಕಿದರು. ಪ್ರಿನ್ಸಿಪಾಲರು ಎರಡು ಸಲ ಕುಪ್ಪಳಿಸಿದ್ದನ್ನು ಕಾಲೇಜೆಲ್ಲ ನೋಡಿತು. ಸ್ವಿಚ್ಚಿನ ಮಾತು ಯಾರೂ ಎತ್ತಲಿಲ್ಲ.

ಶ್ರೀಕಂಠಸ್ವಾಮಿ ಎಲ್ಲರಿಗಿಂತ ಕೊನೆಗೆ ಮೂಲೆ ಬಿಟ್ಟು, ಒಂದು ಸೇವಂತಿಗೆ ಅರಳಿಸಿ, ಅದನ್ನೇ ನೋಡುತ್ತ ನಿಂತರು.

"ನಮ್ಮ ಆಟಗಳಲ್ಲಿ ಬೆಂಕಿ ಉಗುಳೋ ರಾಕ್ಷಸರಿದ್ದಾರೆ. ಆಡೋರು ಯಾರೂ ಹೆದರಲ್ಲ," ಎಂದರು. "ನೀನು ಬರೀ ಬೆಳಕಲ್ಲಿ ಇಷ್ಟು ಜನರನ್ನ ಕುರ್ಚಿ ಹತ್ತಿಸಿದೆಯಲ್ಲಮ್ಮ! ಸೋಮವಾರದಿಂದ ಬಂದುಬಿಡು."

ಇಂಚರ ನನ್ನನ್ನು ಅಪ್ಪಿಕೊಂಡು ಎತ್ತಿಯೇಬಿಟ್ಟಳು. ಅತ್ತೆ ಫೋನಿನಲ್ಲಿ ಕೇಳಿ, "ನಂಗೆ ಮೊದ್ಲೇ ಗೊತ್ತಿತ್ತು," ಎಂದರು.

ಯಂತ್ರ ಈಗ ಮನೆಯಲ್ಲಿದೆ. ನನ್ನ ಕೈಯ ಗೆರೆಗಳ ಜೊತೆ ನಾನು ಹಾಕುತ್ತಿದ್ದ ಹೊತ್ತನ್ನೂ ಕಲಿತಿದೆಯಂತೆ. ನಸುಕಿನಲ್ಲಿ ತಾನೇ ಉರುಳಿಕೊಂಡು ಹೋಗಿ ಬಾಗಿಲಿಂದ ಗೇಟಿನವರೆಗೆ ರಂಗೋಲಿ ಹಾಕುತ್ತದೆ. ಹಾಲಿನವನು ಗೇಟಿನಾಚೆಯೇ ನಿಂತು ಕೂಗುತ್ತಾನೆ. ಅತ್ತೆ ತುಳಿಯುವುದಿಲ್ಲ. ಹೀಗಾಗಿ ದಿನಾ ನಾನೇ ಹೊರಗೆ ಹೋಗಬೇಕಾಗಿದೆ.