ಚಂದ್ರಿಕೆ ತರಲು ಹೋದ ವಾಕಿಟಾಕಿ

ಈ ಸಲದ ರೇಷ್ಮೆ ಬೆಳೆಯ ಸಂಪೂರ್ಣ ಆಡಳಿತ ನನ್ನದು ಎಂದು ಬೇಸಿಗೆ ರಜೆಯ ಮೊದಲ ದಿನವೇ ಮನೆಯಲ್ಲಿ ಘೋಷಿಸಿಬಿಟ್ಟೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು ನಾನು. ವಿದ್ಯುತ್ತು, ಕಾಂತ, ಶಬ್ದ, ಬೆಳಕು ಎಲ್ಲವೂ ನನ್ನ ಮಾತು ಕೇಳುತ್ತವೆ. ಅಂಥವನಿಗೆ ಒಂದು ಮನೆ ಹುಳು ಯಾವ ಲೆಕ್ಕ! ನನ್ನ ಹೆಂಡತಿ ಶ್ಯಾಮಲ ಘೋಷಣೆಯನ್ನು ಪೂರ್ತಿ ಕೇಳಿ, ಸೊಪ್ಪು ಕೊಯ್ಯಲು ಕುಡುಗೋಲು ತೆಗೆದುಕೊಂಡು ಹೋದಳು.

ಪಾಪ, ಅವಳಿಗೆ ಒಳಗೊಳಗೇ ಭಯ. ಹಿಂದಿನ ಬೆಳೆಯಲ್ಲಿ ಹುಳು ಹಣ್ಣಾದಾಗ, ಅದು ಗೂಡು ಕಟ್ಟುವ ಬಿದಿರಿನ ತಟ್ಟಿ, ಅಂದರೆ ಚಂದ್ರಿಕೆ, ಬರುವುದು ತಡವಾಗಿತ್ತು. ಹಣ್ಣಾದ ಹುಳು ಮೇವು ಬಿಟ್ಟು, ತಲೆಯೆತ್ತಿ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆ ಹೊತ್ತಿಗೆ ಚಂದ್ರಿಕೆ ಸಿಗದಿದ್ದರೆ ಕಸದಲ್ಲಿ, ಕಡ್ಡಿಯಲ್ಲಿ, ಎಲ್ಲೆಂದರಲ್ಲಿ ಕಟ್ಟಿಕೊಳ್ಳುತ್ತದೆ. ಆ ಕೊಳಕು ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ದಾಗ ಗೂಡು ಕೊಂಡು ನೂಲು ತೆಗೆಯುವ ರೀಲರುಗಳು ಮೂಗು ಮುರಿದು ಮುಂದೆ ಹೋಗಿದ್ದರು. ಈ ಸಲವೂ ಹಾಗಾದರೆ ಹುಳು ಸಾಕುವುದನ್ನೇ ಬಿಟ್ಟುಬಿಡುತ್ತೇನೆ ಎಂದಿದ್ದಳು ಶ್ಯಾಮಲ. ಅವಳಿಗೆ ಧೈರ್ಯ ತುಂಬಲು ಅವಳ ತಾಯಿ ಲಕ್ಷ್ಮಿದೇವಮ್ಮನವರು ಬಂದು ಹುಳುಮನೆಯಲ್ಲೇ ಠಿಕಾಣಿ ಹೂಡಿದ್ದರು. ನಮ್ಮತ್ತೆ ಆಂಧ್ರದ ಗಡಿಯವರು. ಕೋಪ ಬಂದರೆ ತೆಲುಗು ಮಾತಾಡುತ್ತಾರೆ. ಕೋಪ ಮಿತಿ ಮೀರಿದರೆ ಬಹಳ ಮೆತ್ತಗೆ ಕನ್ನಡ ಮಾತಾಡುತ್ತಾರೆ.

ನಮಗೆ ಕಮ್ಮಿ ಬಿದ್ದಿದ್ದ ಚಂದ್ರಿಕೆಗಳು ಊರಿನ ಆ ತುದಿಯ ಆವಲಪ್ಪನ ಮನೆಯಿಂದ ಬರಬೇಕಿತ್ತು. ಅವನ ಬೆಳೆ ಮುಗಿದಿತ್ತು. ಗೂಡು ಬಿಡಿಸಿ, ಚಂದ್ರಿಕೆಗಳಿಗೆ ಔಷಧಿ ಹೊಡೆದು ಬಿಸಿಲಿಗೆ ನಿಲ್ಲಿಸಿದ್ದ. ಸ್ವಲ್ಪ ಮೈಮರೆತರೆ ಬೇರೆಯವರು ಎತ್ತಿಕೊಂಡು ಹೋಗುತ್ತಾರೆ. ನಾನು ಅಲ್ಲಿ ಕಾಯಬೇಕು, ಹುಳು ಹಣ್ಣಾದ ಸುದ್ದಿ ಇಲ್ಲಿಂದ ನನಗೆ ತಲುಪಬೇಕು. ನಮ್ಮೂರಲ್ಲಿ ಆಗ ಮೊಬೈಲಿಗೆ ಸಿಗ್ನಲ್ಲು ಸಿಗುತ್ತಿದ್ದದ್ದು ನೀರಿನ ಟ್ಯಾಂಕಿನ ಮೇಲೆ ಮಾತ್ರ.

ಆಗಲೇ ಹೊಳೆದದ್ದು ವಾಕಿಟಾಕಿ! ಚಿಕ್ಕಬಳ್ಳಾಪುರದಲ್ಲಿ ಸೆಕ್ಯುರಿಟಿ ಆಫೀಸೊಂದರಲ್ಲಿದ್ದ ಬಾಮೈದ ಮುರಳಿಮೋಹನ್ ಹಳೆಯ ಜೋಡಿಯೊಂದನ್ನು ತಂದುಕೊಟ್ಟ. ಗುಂಡಿ ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು, ಒತ್ತಿಕೊಂಡೇ ಇದ್ದರೆ ಆಕಡೆಯವರ ಮಾತು ಬರುವುದಿಲ್ಲ ಎಂದು ಹೇಳಿಕೊಟ್ಟ. ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದನಲ್ಲ ಎಂದು ನನಗೆ ಸಿಟ್ಟು ಬಂತು.

ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬರೀ ವಾಕಿಟಾಕಿ ಹಿಡಿದವನು ಗೇಟು ಕಾಯುವವನಂತೆ ಕಾಣುತ್ತಾನೆ, ಕಿವಿಗೆ ವಯರು ಸಿಕ್ಕಿಸಿಕೊಂಡವನು ದೊಡ್ಡ ಅಧಿಕಾರಿಯಂತೆ ಕಾಣುತ್ತಾನೆ. ನನಗೆ ವಯರು ಬೇಕೆನಿಸಿತು. ಮೊಬೈಲಿನ ಇಯರ್‌ಫೋನು ಇತ್ತು, ಅದರ ಪಿನ್ನು ಇದಕ್ಕೆ ಕೂರಲಿಲ್ಲ. ಚಿಂತಾಮಣಿಗೆ ಹೋಗಿ ಸರಿಯಾದ ಪಿನ್ನು ತಂದೆ. ಇದನ್ನು ಕತ್ತರಿಸಿ, ಅದಕ್ಕೆ ಹೊಸೆದು, ಟೇಪು ಸುತ್ತಿದೆ. ಕೊನೆಗೆ ಒಂದು ವಯರು ಮಿಕ್ಕಿತು. ಮಿಕ್ಕಿದ್ದನ್ನು ಸುಮ್ಮನೆ ಬಿಡುವುದೇಕೆಂದು ಪಕ್ಕದ ವಯರಿಗೇ ಸೇರಿಸಿ ಹೊಸೆದೆ. ಪಿನ್ನು ಚುಚ್ಚಿದ ತಕ್ಷಣ ಸೆಟ್ಟಿನ ಮೇಲೆ ಕೆಂಪು ದೀಪ ಹತ್ತಿತು. ಹತ್ತಿದ್ದು ಆರಲಿಲ್ಲ. ಆಹಾ, ಎಂಥ ಶಕ್ತಿ ಹರಿಯುತ್ತಿದೆ ಎಂದು ನನಗೆ ರೋಮಾಂಚನವಾಯಿತು.

ಆ ದಿನ ಬೆಳಿಗ್ಗೆ ಹುಳು ಇವತ್ತೇ ಹಣ್ಣಾಗುತ್ತದೆ ಎಂದರು ಅತ್ತೆ. ನಾಳೆ ಮಧ್ಯಾಹ್ನಕ್ಕೆ ಮುಂಚೆ ಸಾಧ್ಯವೇ ಇಲ್ಲ ಎಂದು ನಾನು ಉಷ್ಣಾಂಶ, ತೇವಾಂಶಗಳ ಸಮೇತ ವಾದಿಸಿದೆ. ಶ್ಯಾಮಲ ಇಬ್ಬರ ಮುಖವನ್ನೂ ನೋಡಿ ಇಷ್ಟೇ ಹೇಳಿದಳು.

"ನೀವು ಹೋಗಿ ಅಲ್ಲೇ ಇರ್ರೀ. ಕರೆದ ತಕ್ಷಣ ಚಂದ್ರಿಕೆ ಬರಬೇಕು, ಅಷ್ಟೇ."

ಒಂದು ಸೆಟ್ಟನ್ನು ಹುಳುಮನೆಯ ಮೊಳೆಗೆ ತೂಗುಹಾಕಿ, ಇನ್ನೊಂದನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಅಂಗಿ ಬಿಟ್ಟು, ಎರಡೂ ಕಿವಿಗೆ ವಯರು ಜಡಿದುಕೊಂಡು ಹೊರಟೆ. ದಾರಿಯಲ್ಲಿ ಜನ ನಿಂತು ನೋಡಿದರು. ನಾನು ನೋಡದವನಂತೆ ನಡೆದೆ.

ಆವಲಪ್ಪ ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟ. ಕಿವಿಯಲ್ಲಿ ಬೆಣೆ ಹೊಡೆದಂತಿದ್ದುದರಿಂದ ಅವನ ಮಾತು ಅರ್ಧ ತುಟಿಯಿಂದಲೇ ತಿಳಿಯಬೇಕಾಗಿತ್ತು. ವಾಕಿಟಾಕಿಯಿಂದ ಒಂದು ಉಸಿರೂ ಇಲ್ಲ. ಹುಳು ಹಣ್ಣಾಗಿಲ್ಲ, ನಾನೇ ಗೆದ್ದೆ ಎಂದುಕೊಂಡೆ. ಗೆದ್ದವನ ಬಾಯಿ ಸುಮ್ಮನಿರುತ್ತದೆಯೇ? ನಮ್ಮತ್ತೆಗೆ ಹಸಿರು ಹುಳುವೂ ಹಣ್ಣಾಗಿಯೇ ಕಾಣುತ್ತದೆ, ಕಣ್ಣು ಪರೀಕ್ಷೆ ಮಾಡಿಸಬೇಕು ಎಂದೆ. ಅವರು ಬಂದ ಮೇಲೆ ಮನೆಯಲ್ಲಿ ಸಾರಿಗೆ ಖಾರ ಜಾಸ್ತಿ, ನನಗೆ ಮರ್ಯಾದೆ ಕಮ್ಮಿ ಎಂದೆ. ಬೆಳೆ ಮುಗಿದರೂ ಹೊರಡುವ ಲಕ್ಷಣ ಕಾಣುತ್ತಿಲ್ಲ ಎಂದೆ. ಶ್ಯಾಮಲಳಿಗಂತೂ ಹುಳುವಿನ ಬಗ್ಗೆ ಏನೇನೂ ತಿಳಿಯದು, ಎಲ್ಲ ನನ್ನ ತಲೆಯಿಂದಲೇ ನಡೆಯಬೇಕು ಎಂದು ಮುಗಿಸಿದೆ. ಮುಗಿಸಿ ಇನ್ನೊಂದು ಲೋಟ ಕಾಫಿ ಕೇಳಿದೆ.

ಆವಲಪ್ಪ ನಡುನಡುವೆ ಹಿತ್ತಿಲ ಕಡೆ ಕೈ ತೋರಿಸುತ್ತಿದ್ದ. ಚಂದ್ರಿಕೆ ಒಣಗಿವೆ ಎನ್ನುತ್ತಿದ್ದಾನೆಂದು ತಿಳಿದು, ಅವಸರವೇನಿಲ್ಲಪ್ಪ, ನಾಳೆಯವರೆಗೂ ಸಮಯವಿದೆ ಎಂದು ಸಮಾಧಾನ ಹೇಳಿದೆ. ಕೊನೆಗೆ ಅವನೇ ಎದ್ದು ಬಂದು ನನ್ನ ಒಂದು ಕಿವಿಯ ವಯರು ಎಳೆದು ತೆಗೆದ.

"ಮೇಷ್ಟ್ರೇ, ಚಂದ್ರಿಕೆ ಹೋಗಿ ಆಗ್ಲೇ ಒಂದು ಜಾವ ಆಯ್ತು. ನಿಮ್ಮತ್ತೆ ಟ್ರ್ಯಾಕ್ಟರ್ ತಂದು ಹಿತ್ಲಿಂದ ತುಂಬಿಸ್ಕೊಂಡು ಹೋದ್ರು. ಹುಳ ಹಣ್ಣಾಗೈತಂತೆ. ನಿಮ್ಮನ್ನ ಕರೀಲಾ ಅಂದ್ರೆ, ಬೇಡ, ಮಾತಾಡ್ಲಿ ಬಿಡಪ್ಪ ಅಂದ್ರು."

"ಕನ್ನಡದಲ್ಲಿ ಅಂದ್ರಾ, ತೆಲುಗಿನಲ್ಲಿ ಅಲ್ವಾ?"

"ಕನ್ನಡದಾಗೆ. ಬೋ ಮೆತ್ತಗೆ ಅಂದ್ರಪ್ಪ."

ಹಿತ್ತಿಲಿನ ಟ್ರ್ಯಾಕ್ಟರಿನ ಸದ್ದೂ ಕೇಳಿಸದಂತೆ ಕಿವಿ ಮುಚ್ಚಿಕೊಂಡಿದ್ದೆನಲ್ಲ! ಪಂಚೆ ಎತ್ತಿ ಕಟ್ಟಿ ಓಡಿದೆ.

ಹುಳುಮನೆಯ ಬಾಗಿಲಲ್ಲಿ ಶ್ಯಾಮಲ ಅಡ್ಡ ನಿಂತಳು. ಬೇರೆಯವರ ಹುಳುಮನೆಯ ಅಂಗಳದಿಂದ ಬಂದವರು ಸ್ನಾನ ಮಾಡದೆ ಒಳಗೆ ಕಾಲಿಡುವಂತಿಲ್ಲ, ರೋಗ ತಗಲುತ್ತದೆ. ಮಕ್ಕಳಿಗೆ ಆ ಪಾಠ ಹೇಳುವವನೇ ನಾನು. ಹೊರಗೇ ನಿಂತು ಇಣುಕಿದೆ. ಗೋಡೆಗೆ ಸಾಲಾಗಿ ಒರಗಿದ ಚಂದ್ರಿಕೆಗಳ ತುಂಬ ಹುಳುಗಳು ಅಚ್ಚುಕಟ್ಟಾಗಿ ಕೂತು ನೂಲು ಬಿಡುತ್ತಿದ್ದವು. ಒಂದೂ ಕಸಕ್ಕೆ ಬಿದ್ದಿರಲಿಲ್ಲ. ಬೆಳೆ ಉಳಿದಿತ್ತು. ನನ್ನ ಕಣ್ಣಲ್ಲಿ ನೀರೇ ಬಂತು. ಕೂಲಿಗೆ ಬಂದಿದ್ದ ಆಂಜಿನಮ್ಮ ನನ್ನನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಮತ್ತೆ ನನ್ನನ್ನ ಯಾಕೆ ಕರೀಲಿಲ್ಲ?" ಎಂದೆ. ನಾನು ಅಂದ ಮಾತೇ ಒಳಗಿನ ಮೊಳೆಯಲ್ಲಿದ್ದ ಸೆಟ್ಟಿನಿಂದ ಗಟ್ಟಿಯಾಗಿ ಕೇಳಿಬಂತು.

ಶ್ಯಾಮಲ ಗಂಟಲು ಹರಿಯುವಂತೆ ಕೂಗಿ ಕೂಗಿ ಸಾಕಾಗಿ, ಆಮೇಲೆ ಎಲ್ಲರೂ ಹುಳು ಆಯುತ್ತಾ ನನ್ನ ಭಾಷಣವನ್ನು ಕಾಫಿ ಹೀರುವ ಸದ್ದಿನ ಸಮೇತ ಕೇಳಿದ್ದರಂತೆ. ಬಂದ ಕೂಡಲೇ ಸ್ನಾನ ಮುಗಿಸಿದ್ದ ಅತ್ತೆ ಸೆಟ್ಟಿನ ಕೆಳಗೇ ಕೂತು ಚಂದ್ರಿಕೆಗೆ ಹುಳು ಬಿಡುತ್ತಿದ್ದರು. ವಿಜ್ಞಾನವಾದರೂ ನನ್ನ ಕೈಹಿಡಿಯಲಿ ಎಂದು ಹೊಸ್ತಿಲಾಚೆಯಿಂದಲೇ ವಿವರಿಸಿದೆ. ಮಿಕ್ಕಿದ ವಯರು ಸೇರಿಸಿದ್ದರಿಂದ ಮಾತಿನ ಗುಂಡಿ ಒತ್ತಿಕೊಂಡೇ ಉಳಿದಿದೆ, ನನ್ನದೇನೂ ತಪ್ಪಿಲ್ಲ, ಯಂತ್ರ ಕೆಟ್ಟಿದೆ, ತಾನೇ ಮಾತಾಡುತ್ತಿರುತ್ತದೆ, ಬೇರೆ ಯಾರು ಕೂಗಿದರೂ ಕೇಳಿಸಿಕೊಳ್ಳುವುದಿಲ್ಲ ಎಂದೆ.

ಅತ್ತೆ ತಲೆಯೆತ್ತಿ ನೋಡಿದರು. ಕನ್ನಡದಲ್ಲಿ, ಬಹಳ ಮೆತ್ತಗೆ ಹೇಳಿದರು.

"ಅದು ಕೆಟ್ಟಿಲ್ಲ ಬಿಡಪ್ಪ. ಯಾರ ಸೊಂಟದಾಗಿತ್ತೋ ಅವರ ಬುದ್ಧಿ ಕಲ್ತೈತೆ."