ಗಾರ್ಮಾ ದೀಪಸ್ತಂಭದ ಘನ ಚರಿತ್ರೆ

ಗಾರ್ಮಾದಂಥ ಸಣ್ಣ ದ್ವೀಪದ ದೀಪಸ್ತಂಭಕ್ಕೆ ಸಂಬಳದ ಕಾವಲುಗಾರ ಬೇಕೇ ಎಂಬ ಅನುಮಾನ ಆಚೆ ದಡದ ಬಂದರು ಕಚೇರಿಗೆ ಬಂದದ್ದೇ ಕಾವಲುಗಾರ ದುಯಾಮನ ಗ್ರಹಚಾರಕ್ಕೆ ಮೂಲ. ಕಚೇರಿಯ ಸಾಹೇಬರು ಸಂಜೆ ದೋಣಿಯಲ್ಲಿ ಬಂದು, ದೀಪಸ್ತಂಭದ ಚರಿತ್ರೆ ಕೇಳಿ, ಆಮೇಲೆ ತೀರ್ಮಾನಿಸುತ್ತಾರಂತೆ.

ದುಯಾಮನ ಅಜ್ಜ, ಅಪ್ಪ ಇಬ್ಬರೂ ಗಾರ್ಮಾ ಬಂದರಿನ ದೀಪ ಹಚ್ಚಿದವರೇ. ಆದರೆ ಚರಿತ್ರೆ ಎಂದು ಹೇಳಿಕೊಳ್ಳಲು ಏನಿದೆ? ಸಂಜೆ ಹಚ್ಚಿದರು, ಬೆಳಿಗ್ಗೆ ಆರಿಸಿದರು, ನಡುವೆ ಗೊರಕೆ ಹೊಡೆದರು.

"ಅಷ್ಟೇ ಹೇಳಿದ್ರೆ ನಾಳೆಯಿಂದ ಮನೇಲಿ ನೊಣ ಹೊಡೀತಾ ಕೂರ್ತೀಯ," ಎಂದಳು ಹೆಂಡತಿ ಪೆರಿನಾ. "ಊರೋರ್ನ ಕೇಳು ಮಾರಾಯ. ಏನಾದ್ರೂ ಸಾಹಸ ಗೀಹಸ ಇದ್ದೇ ಇರುತ್ತೆ."

ಊರವರನ್ನು ಕೇಳಿದ್ದೇ ತಪ್ಪಾಯಿತು. ಗಾರ್ಮಾದಲ್ಲಿ ಬಾವಿ ಒಂದೇ, ಚರ್ಚು ಒಂದೇ. ಮನೆತನದ ಜಂಬ ಮಾತ್ರ ತಲೆಗೊಂದು. ಮೀನುಗಾರ ಮುದುಕ ಯೆರ್ಕೊ ಹೊಲಿಯುತ್ತಿದ್ದ ಬಲೆ ಬಿಸಾಕಿ ಎದ್ದ.

"ಬರ್ಕೋ, ದುಯಾಮ! ಆ ದೊಡ್ಡ ಬಿರುಗಾಳಿ ದಿನ ದೀಪ ಹಚ್ಚಿದ್ದು ನಮ್ಮಜ್ಜ."

"ಹಂಗಾದ್ರೆ ನಮ್ಮಜ್ಜ ಎಲ್ಲಿದ್ದ?" ಎಂದ ದುಯಾಮ.

"ಕುಡಿದು ಪೀಪಾಯಿ ಪಕ್ಕ ಬಿದ್ದಿದ್ನಪ್ಪ. ಪಾಪ, ಒಳ್ಳೇ ಮನುಷ್ಯ."

ರೊಟ್ಟಿ ಸುಡುವ ತೋಂಕಾ ಸುಮ್ಮನಿರುತ್ತಾಳೆಯೇ? "ಇವರಜ್ಜಂಗೆ ಮಂಚ ಹತ್ತಿದ್ರೇ ತಲೆ ತಿರುಗ್ತಿತ್ತು! ನಿಮ್ಮಪ್ಪ ಮದುವೆ ಊಟಕ್ಕೆ ಹೋಗಿ ವಾರ ನಾಪತ್ತೆ ಆದಾಗ ದಿನಾ ಹಚ್ಚಿದ್ದು ನಮ್ಮಜ್ಜಿ, ಕಂಕುಳಲ್ಲಿ ಕೂಸು ಇಟ್ಕೊಂಡು!"

ಪಾದ್ರಿ ಶಿಮೆ ಇನ್ನೂ ಒಂದು ಕೈ ಮೇಲು. "ಒಂದ್ಸಲ ನಮ್ಮೂರ ಸಂತರೇ ಸ್ವರ್ಗದಿಂದ ಇಳಿದು ಹಚ್ಚಿ ಹೋದ್ರು. ನಿಮ್ಮಪ್ಪ ಮಲಗಿದ್ದ ಅಂತ ಎಬ್ಬಿಸ್ಲಿಲ್ಲ ಅಷ್ಟೆ."

ದುಯಾಮನಿಗೆ ಚೀಟಿ ಹರಿದು ಎಸೆಯುವಷ್ಟು ಸಿಟ್ಟು ಬಂತು. ಆದರೆ ಯೆರ್ಕೊನನ್ನು ಬಿಟ್ಟರೆ ಮೀನಿಲ್ಲ, ತೋಂಕಾಳನ್ನು ಬಿಟ್ಟರೆ ರೊಟ್ಟಿಯಿಲ್ಲ, ಪಾದ್ರಿಯನ್ನು ಬಿಟ್ಟರೆ ಹೂಳಲು ಜಾಗವಿಲ್ಲ. ಅಪ್ಪ ಅಜ್ಜಂದಿರ ಮಾನ ಹೋದರೂ ನೌಕರಿ ಉಳಿಯಲಿ ಎಂದು ಎಲ್ಲವನ್ನೂ ಬರೆದುಕೊಂಡ. ಸುದ್ದಿ ಹಬ್ಬಿ, ಮಧ್ಯಾಹ್ನದೊಳಗೆ ಊರಿನ ಪ್ರತಿ ಮನೆಯ ಹಿರಿಯರೂ ಒಂದಲ್ಲ ಒಂದು ಗಂಡಾಂತರದಲ್ಲಿ ದೀಪ ಹಚ್ಚಿಬಿಟ್ಟಿದ್ದರು.

ಸಂಜೆ ಬಂದರಿನ ಕಟ್ಟೆಯ ಮೇಲೆ ಸಾಹೇಬರಿಗೆ ವೈನ್ ಕೊಟ್ಟು ಕೂರಿಸಿ ದುಯಾಮ ಓದತೊಡಗಿದ. ತಮ್ಮ ಅಜ್ಜನ ಕಥೆ ಬಂದಾಗ ಜನ ಚಪ್ಪಾಳೆ ತಟ್ಟಿದರು, ಪಕ್ಕದ ಮನೆಯ ಅಜ್ಜನದು ಬಂದಾಗ ಕೆಮ್ಮಿದರು. ಸಾಹೇಬರು ಕಣ್ಣೊರೆಸಿಕೊಂಡರು.

"ಎಂಥಾ ಚರಿತ್ರೆ ರೀ! ಏನೇ ಆಗಲಿ, ಈ ದೀಪ ಆರಲೇ ಇಲ್ಲ!"

ದುಯಾಮನ ಎದೆ ಉಬ್ಬಿತು.

"ಅದರಲ್ಲಿ ಒಂದು ಗಮನಿಸಿದೆ," ಎಂದರು ಸಾಹೇಬರು. "ಕಾವಲುಗಾರ ಒಂದು ಸಲಾನೂ ದೀಪದ ಹತ್ರ ಇರ್ಲಿಲ್ಲ! ಹಚ್ಚಿದ್ದೆಲ್ಲ ಊರೋರು, ಅದೂ ಪುಕ್ಕಟೆ. ಇನ್ನು ಸಂಬಳ ಯಾಕೆ ದಂಡ? ಇವತ್ತಿಂದ ನೀವುಗಳೇ ಹಚ್ಚಿ."

ಸಾಹೇಬರು ಎಲ್ಲರ ಕೈ ಕುಲುಕಿ ದೋಣಿ ಹತ್ತಿದರು. ಕತ್ತಲಾಗುತ್ತಿತ್ತು, ಮೀನಿನ ದೋಣಿಗಳು ಇನ್ನೂ ಕಡಲಿನಲ್ಲಿದ್ದವು. ಅನುಭವಿಸಲಿ ಎಂದುಕೊಂಡು ದುಯಾಮ ಕೈಕಟ್ಟಿ ಕುಳಿತ.

ಯೆರ್ಕೊನಿಗೆ ಮಂಡಿ ನೋವು. ತೋಂಕಾಳ ಹಿಟ್ಟು ಉಬ್ಬಿ ಪಾತ್ರೆಯಿಂದ ಹೊರಗೆ ಬರುತ್ತಿತ್ತಂತೆ. ಪಾದ್ರಿಗೆ ಪ್ರಾರ್ಥನೆಯ ಹೊತ್ತು. ಕೊನೆಗೆ ಪೆರಿನಾಳೇ ಬಾಯಿ ಬಿಟ್ಟಳು:

"ಅಯ್ಯೋ, ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಿ? ನೀವೆಲ್ಲ ಕೆಲ್ಸ ಇರೋರು. ನಮ್ ದುಯಾಮ ಈಗ ಖಾಲಿ ಇದಾನಲ್ಲ!"